ಕಾಡಿನ ಅಳತೆಗೆ ಮಾರ್ಕೆಟ್ಟಿನ ಸಾಮಾನು: ಎಸ್‌ಜೆಪಿ ರಸ್ತೆ, ಎಸ್‌ಪಿ ರಸ್ತೆ, ಅವೆನ್ಯೂ ರಸ್ತೆಯಲ್ಲಿ ಏನು ಕೊಳ್ಳಬಹುದು, ಏನು ಬೇಡ

ಕಾಡಿನಲ್ಲಿ ಮರ ಅಳೆಯುವ ಕೆಲಸಕ್ಕೆ ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಸುತ್ತಮುತ್ತಲೇ ಸಿಗುತ್ತದೆ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರೆ ಎಲ್ಲವೂ ಕಾಲ್ನಡಿಗೆಯ ದೂರ. ಆದರೆ ಇಲ್ಲಿನ ಅಂಗಡಿಗಳು ಕಟ್ಟಡದವರಿಗೆ, ಪ್ಲಂಬರಿಗೆ, ಎಲೆಕ್ಟ್ರಿಷಿಯನ್ನಿಗೆ ಅಂತ ಇರುವಂಥವು. ಕಾಡಿನ ಕೆಲಸದವರಿಗೆ ಏನು ಬೇಕು ಅಂತ ಅಂಗಡಿಯವರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕು ಅಂತ ನಿರೀಕ್ಷಿಸುವುದೂ ಸರಿಯಲ್ಲ. ಈ ಮಾರ್ಕೆಟ್ಟಿನ ದೊಡ್ಡ ಗುಣ ಒಂದೇ: ಸಾಮಾನನ್ನು ಬಿಚ್ಚಿ, ಎಳೆದು, ಪಕ್ಕಪಕ್ಕ ಇಟ್ಟು ನೋಡಲು ಬಿಡುತ್ತಾರೆ. ದೊಡ್ಡ ದೋಷವೂ ಒಂದೇ: ಗಲ್ಲಾ ದಾಟಿದ ಮೇಲೆ ವಾಪಸ್ ತೆಗೆದುಕೊಳ್ಳುವುದು ಕಷ್ಟ. ಹಾಗಾಗಿ ಅಂಗಡಿಯ ಮುಂದೆಯೇ ಪರೀಕ್ಷೆ ಮಾಡಲು ಆಗುವಂಥದ್ದನ್ನು ಇಲ್ಲಿ ಕಣ್ಣುಮುಚ್ಚಿ ಅಲ್ಲ, ಕಣ್ಣುಬಿಟ್ಟು ಕೊಳ್ಳಿ. ಅಲ್ಲಿ ಪರೀಕ್ಷಿಸಲು ಆಗದ್ದನ್ನು ಬೇರೆಡೆ ಕೊಳ್ಳಿ.

ಈ ವಿಮರ್ಶೆಗೆ ಇಟ್ಟುಕೊಂಡಿರುವುದು ಶಾಶ್ವತ ಪ್ಲಾಟಿನ ಕೆಲಸ. ಅಂದರೆ 100 ಮೀಟರ್ ಉದ್ದ, 100 ಮೀಟರ್ ಅಗಲದ ಒಂದು ಹೆಕ್ಟೇರನ್ನು 20 ಮೀಟರಿನ 25 ಚೌಕಗಳಾಗಿ ಒಡೆದು, ಒಳಗಿನ ಪ್ರತಿ ಮರಕ್ಕೂ ನಂಬರ್ ಹೊಡೆದು, ಎದೆಮಟ್ಟದ ಸುತ್ತಳತೆ ಬರೆದು, ನಾಲ್ಕೈದು ವರ್ಷ ಬಿಟ್ಟು ಮತ್ತೆ ಅದೇ ಮರವನ್ನು ಅದೇ ಜಾಗದಲ್ಲಿ ಅಳೆಯುವುದು. ಭಾರತೀಯ ವಿಜ್ಞಾನ ಸಂಸ್ಥೆಯವರು ಮುದುಮಲೆಯಲ್ಲಿ 1988ರಿಂದ 50 ಹೆಕ್ಟೇರಿನಲ್ಲಿ ಮಾಡಿಕೊಂಡು ಬಂದಿರುವುದೂ ಇದೇ ಬಗೆಯ ಕೆಲಸ. ಬನ್ನೇರುಘಟ್ಟ, ಸಾವನದುರ್ಗದಂಥ ಒಣ ಕಾಡಿನಲ್ಲಿ ಮರ ವರ್ಷಕ್ಕೆ ದಪ್ಪವಾಗುವುದು ಮಿಲಿಮೀಟರ್ ಲೆಕ್ಕದಲ್ಲಿ. ಟೇಪು ಒಂದು ಸೆಂಟಿಮೀಟರ್ ಸುಳ್ಳು ಹೇಳಿದರೆ ವರ್ಷಗಳ ಬೆಳವಣಿಗೆ ಆ ಸುಳ್ಳಿನೊಳಗೆ ಮುಳುಗಿಹೋಗುತ್ತದೆ. ಆದ್ದರಿಂದ ಜಿಪಿಎಸ್ಸಿಗಿಂತ ಮೊದಲು ಟೇಪಿನ ಮಾತು.

ಸುತ್ತಳತೆಗೆ ಟೈಲರ್ ಟೇಪು ಸಾಕು. ಚಿಕ್ಕಪೇಟೆಯಲ್ಲಿ ಹೊಲಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ 150 ಸೆಂಟಿಮೀಟರಿನ ಟೇಪು. ಅದು 47 ಸೆಂಟಿಮೀಟರ್ ವ್ಯಾಸದ ಮರದವರೆಗೂ ಸುತ್ತಿಬರುತ್ತದೆ, ಒಣ ಕಾಡಿನ ಬಹುಪಾಲು ಮರಗಳಿಗೆ ಅಷ್ಟೇ ಬೇಕಾದ್ದು. ಐದಾರು ಟೇಪು ಕೇಳಿ, ಎಲ್ಲವನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಹಾಸಿ, ಮೊದಲ ತುದಿ ಸೇರಿಸಿ, 150ರ ಗೆರೆಗಳು ಒಂದೇ ಸಾಲಿಗೆ ಬರುತ್ತವೆಯೇ ನೋಡಿ. ಬರುವುದಿಲ್ಲ. ಅಗ್ಗದ ಟೇಪುಗಳಲ್ಲಿ ಅರ್ಧ ಸೆಂಟಿಮೀಟರಿನ ಹೆಚ್ಚುಕಡಿಮೆ ಸಾಮಾನ್ಯ. ಜೇಬಿನಲ್ಲಿ ಒಯ್ದ ಸ್ಟೀಲ್ ಟೇಪಿಗೆ ತಾಳೆಯಾಗುವ ಎರಡನ್ನೋ ಮೂರನ್ನೋ ಆರಿಸಿಕೊಂಡು ಉಳಿದದ್ದನ್ನು ಅಲ್ಲೇ ಬಿಡಿ. ಆಮೇಲೆ ಬರಿಗೈಯಲ್ಲಿ ಎಳೆದು ನೋಡಿ: ನಾರಿನ ಎಳೆ ಒಳಗಿರುವ ಟೇಪು ಹಿಗ್ಗುವುದಿಲ್ಲ, ಬರೀ ಪ್ಲಾಸ್ಟಿಕ್ಕಿನದ್ದು ರಬ್ಬರಿನಂತೆ ಬರುತ್ತದೆ.

ತುದಿಯ ತಗಡಿನ ಕ್ಲಿಪ್ಪನ್ನೂ ಗಮನಿಸಿ. ಸೊನ್ನೆ ಇರಬೇಕಾದ್ದು ಕ್ಲಿಪ್ಪಿನ ಹೊರ ಅಂಚಿನಲ್ಲಿ. ಕ್ಲಿಪ್ ಸಡಿಲವಾಗಿ ಮುಂದೆ ಜರುಗಿದ್ದರೆ ಪ್ರತಿ ಮರದಲ್ಲೂ ಮೂರು ನಾಲ್ಕು ಮಿಲಿಮೀಟರ್ ತಪ್ಪು. ಕ್ಲಿಪ್ ಕಿತ್ತುಬಂದ ಟೇಪಿನಲ್ಲಿ 10ರ ಗೆರೆಯನ್ನೇ ಸೊನ್ನೆ ಮಾಡಿಕೊಂಡು ಆಮೇಲೆ 10 ಕಳೆಯುವ ಅಭ್ಯಾಸ ಕೆಲವು ತಂಡಗಳಲ್ಲಿದೆ. ಅದು ಬೇಡ. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ಇನ್ನೂರನೇ ಮರದ ಹತ್ತಿರ, ಕಳೆಯುವುದನ್ನು ಮರೆಯುವವರೇ ಹೆಚ್ಚು.

ಟೈಲರ್ ಟೇಪಿನ ಒಂದು ಮುಖದಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರ್ ಇರುತ್ತದೆ. ಮರ ಸುತ್ತುವಾಗ ಟೇಪು ಮಗುಚಿಕೊಂಡರೆ 61 ಸೆಂಟಿಮೀಟರಿನ ದಿಂಡಿಗದ ಮರ ಹಾಳೆಯಲ್ಲಿ 24 ಆಗಿ ಕೂರುತ್ತದೆ. ಕಾಡಿಗೆ ಹೋಗುವ ಮುನ್ನ ಇಂಚಿನ ಮುಖಕ್ಕೆ ಪೂರ್ತಿ ಕಪ್ಪು ಪರ್ಮನೆಂಟ್ ಮಾರ್ಕರ್ ಬಳಿದುಬಿಡಿ. ಹತ್ತು ನಿಮಿಷದ ಕೆಲಸ, ಎಷ್ಟೋ ತಪ್ಪು ಅಲ್ಲಿಗೇ ನಿಲ್ಲುತ್ತದೆ.

ವ್ಯಾಸದ ಟೇಪು, ಅಂದರೆ ಸುತ್ತಿದರೆ ನೇರವಾಗಿ ವ್ಯಾಸ ತೋರಿಸುವಂಥದ್ದು, ಬೇಕೇ? ಅದರಲ್ಲಿ ಒಂದು ಸೆಂಟಿಮೀಟರ್ ಅಂತ ಬರೆದಿರುವ ಜಾಗ ನಿಜಕ್ಕೂ 3.1416 ಸೆಂಟಿಮೀಟರ್ ಉದ್ದವಿರುತ್ತದೆ. ಲೆಕ್ಕ ಉಳಿಯುತ್ತದೆ ನಿಜ. ಆದರೆ ಅದರ ಹಿಂಬದಿಯಲ್ಲಿ ಸಾಮಾನ್ಯವಾಗಿ ಮಾಮೂಲಿ ಸೆಂಟಿಮೀಟರ್ ಇರುತ್ತದೆ. ಹೊಸ ಕೈ ಹಿಂಬದಿ ಓದಿ ವ್ಯಾಸದ ಕಾಲಮ್ಮಿನಲ್ಲಿ ಬರೆದರೆ ಆ ಮರದ ಕಾಂಡದ ವಿಸ್ತೀರ್ಣ ಹತ್ತು ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಅಳೆಯುವ ಕೈ ದಿನಕ್ಕೊಂದು ಬದಲಾಗುವ ತಂಡಕ್ಕೆ ಮಾಮೂಲಿ ಟೇಪೇ ಕ್ಷೇಮ. ಸುತ್ತಳತೆ ಬರೆದುಕೊಂಡು ಬನ್ನಿ, 3.1416ರಿಂದ ಭಾಗಿಸುವುದನ್ನು ಕಂಪ್ಯೂಟರಿಗೆ ಬಿಡಿ. ಹಾಳೆಯ ತಲೆಯಲ್ಲಿ ‘ಅಳತೆ’ ಅಂತಷ್ಟೇ ಬರೆಯದೆ ‘ಸುತ್ತಳತೆ, ಸೆಂ.ಮೀ.’ ಅಂತ ಪೂರ್ತಿ ಅಚ್ಚು ಹಾಕಿಸಿ.

ಎದೆಮಟ್ಟ ಅಂದರೆ ಎಷ್ಟು? ನಮ್ಮ ಅರಣ್ಯಶಾಸ್ತ್ರದ ರೂಢಿ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಜಗತ್ತಿನ ದೊಡ್ಡ ಪ್ಲಾಟುಗಳ ಜಾಲದಲ್ಲಿ 1.30. ಯಾವುದನ್ನು ಹಿಡಿದರೂ ಆಗುತ್ತದೆ, ಆದರೆ ಒಂದೇ ಪ್ಲಾಟಿನಲ್ಲಿ ಎರಡೂ ಸೇರಬಾರದು. ಸ್ವಂತ ಎದೆಯನ್ನು ನಂಬಿ ಅಳೆಯುವುದಂತೂ ಬೇಡವೇ ಬೇಡ. ಅದಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಕಾಂಡ್ಯೂಟ್ ಪೈಪು ಹೇಳಿಮಾಡಿಸಿದಂತಿದೆ. ಒಂದು ಪೈಪು 3 ಮೀಟರ್ ಉದ್ದ ಬರುತ್ತದೆ, 1.37ರ ಎರಡು ಕೋಲು ಕತ್ತರಿಸಿದರೆ 26 ಸೆಂಟಿಮೀಟರ್ ಮಿಗುತ್ತದೆ. ಅಂಗಡಿಯವರೇ ಹ್ಯಾಕ್‌ಸಾದಲ್ಲಿ ಕತ್ತರಿಸಿ ಕೊಡುತ್ತಾರೆ, ಉದ್ದ ಮಾತ್ರ ನಿಮ್ಮ ಟೇಪಿನಲ್ಲಿ ನೀವೇ ಗುರುತು ಹಾಕಿ. ಮರದ ಬುಡದಲ್ಲಿ ತರಗೆಲೆಯನ್ನು ಕಾಲಿನಿಂದ ಸರಿಸಿ ಕೋಲನ್ನು ಮಣ್ಣಿಗೆ ತಾಗಿಸಿ ನಿಲ್ಲಿಸಬೇಕು. ತರಗೆಲೆಯ ಮೇಲೆ ಇಟ್ಟರೆ ಬೇಸಿಗೆಗೊಂದು, ಮಳೆಗಾಲಕ್ಕೊಂದು ಎತ್ತರ. ಇಳಿಜಾರಿದ್ದರೆ ಮೇಲ್ಬದಿಯಲ್ಲಿ ನಿಂತು ಅಳೆಯಿರಿ. ಮರ ವಾಲಿದ್ದರೆ ಕೋಲೂ ಅದರ ಜತೆಗೇ ವಾಲಬೇಕು. ಬಳ್ಳಿ ಹಬ್ಬಿದ್ದರೆ ಕಡಿಯಬೇಡಿ, ಎತ್ತಿ ಹಿಡಿದು ಟೇಪನ್ನು ಅದರ ಕೆಳಗೆ ತೂರಿಸಿ. ಆ ಎತ್ತರದಲ್ಲಿ ಗಂಟಿದ್ದರೆ ಗಂಟು ಮುಗಿಯುವಲ್ಲಿಗೆ ಏರಿ, ಆ ಹೊಸ ಎತ್ತರವನ್ನು ತಪ್ಪದೆ ಬರೆಯಿರಿ.

ಕಡಿದ ಬುಡದಿಂದ ಚಿಗುರಿ ಮೂರು ನಾಲ್ಕು ಕಾಂಡವಾಗಿರುವ ಜಾಲಾರಿ, ಶ್ರೀಗಂಧ ಬೆಂಗಳೂರು ಸುತ್ತಿನ ಕಾಡಿನಲ್ಲಿ ಮಾಮೂಲು. ಪ್ರತಿ ಕಾಂಡವನ್ನೂ ಬೇರೆಬೇರೆ ಬರೆಯಬೇಕು. 30, 40, 50 ಸೆಂಟಿಮೀಟರಿನ ಮೂರು ಕಾಂಡಗಳನ್ನು ಕೂಡಿಸಿ 120 ಅಂತ ಬರೆದದ್ದು ಎಷ್ಟೋ ಹಾಳೆಗಳಲ್ಲಿ ಕಾಣುತ್ತದೆ. ಕೂಡಿಸಬೇಕಾದ್ದು ವರ್ಗಗಳನ್ನು: 900, 1600, 2500 ಸೇರಿ 5000, ಅದರ ವರ್ಗಮೂಲ 70.7. ಅಂದರೆ ಆ ಮರ 71 ಸೆಂಟಿಮೀಟರಿನ ಒಂದು ಕಾಂಡಕ್ಕೆ ಸಮ, 120ಕ್ಕಲ್ಲ.

ಇನ್ನು ಚೌಕ ಹಾಕುವ ಉದ್ದನೆಯ ಟೇಪು. ಎಸ್‌ಜೆಪಿ ರಸ್ತೆಯಲ್ಲಿ 30 ಮತ್ತು 50 ಮೀಟರಿನ ಫೈಬರ್‌ಗ್ಲಾಸ್ ಟೇಪುಗಳು ರಾಶಿ ರಾಶಿ. ಕೊಳ್ಳಬೇಕಾದ್ದು 30ರದ್ದು, 20 ಮೀಟರಿನ ಚೌಕದ ಮೂಲೆಯಿಂದ ಮೂಲೆಗೆ 28.28 ಮೀಟರ್, ಅದೂ ಅದರಲ್ಲೇ ಮುಗಿಯುತ್ತದೆ. 50ರದ್ದು ಕೈಗೆ ಭಾರ, ಸುತ್ತುವ ಹಿಡಿಕೆಯೇ ಮೊದಲು ಮುರಿಯುವುದು. ಟೇಪಿನ ಮೊದಲ ಗೇಣಿನಲ್ಲಿ ಅಂಡಾಕಾರದ ಗೆರೆಯೊಳಗೆ ರೋಮನ್ ಅಂಕಿ ಇದೆಯೇ ನೋಡಿ, ಅದೇ ಟೇಪಿನ ದರ್ಜೆ. ಎರಡನೇ ದರ್ಜೆಯ ಟೇಪು 30 ಮೀಟರಿಗೆ 6.3 ಮಿಲಿಮೀಟರಿನವರೆಗೆ ಹೆಚ್ಚುಕಡಿಮೆ ಇರಬಹುದು, ಮೂರನೇ ದರ್ಜೆಯದ್ದು 12.6. ನಮ್ಮ ಕೆಲಸಕ್ಕೆ ಎರಡೂ ನಡೆಯುತ್ತವೆ. ಅಂಕಿಯೇ ಇಲ್ಲದ ಟೇಪು ನಡೆಯುವುದಿಲ್ಲ. ಗುರುತನ್ನೂ ನಕಲು ಹೊಡೆಯುತ್ತಾರೆ ಅನ್ನುವುದರಿಂದ 5 ಮೀಟರಿನ ಸ್ಟೀಲ್ ಟೇಪು ಜತೆಗಿರಲಿ. ಸೊನ್ನೆಯಿಂದ 5 ಮಾತ್ರ ನೋಡಿ ಸುಮ್ಮನಾಗದೆ 10ರಿಂದ 15, 20ರಿಂದ 25 ಕೂಡ ತಾಳೆ ನೋಡಿ, ಅಚ್ಚಿನ ತಪ್ಪು ಮಧ್ಯದಲ್ಲಿ ಅಡಗಿರುತ್ತದೆ. ‘ಸ್ವಲ್ಪ ಬಿಚ್ಚಿ ನೋಡ್ತೀನಿ ಅಣ್ಣ’ ಅಂದರೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ಪಕ್ಕದ ಅಂಗಡಿ ಇದ್ದೇ ಇದೆ.

ಸೊನ್ನೆ ಎಲ್ಲಿ ಶುರು ಅನ್ನುವುದು ಇಲ್ಲೂ ಮುಖ್ಯ. ಕೆಲವು ಟೇಪುಗಳಲ್ಲಿ ಕೊಂಡಿಯ ಹೊರ ತುದಿಯೇ ಸೊನ್ನೆ, ಕೆಲವುಗಳಲ್ಲಿ ಸೊನ್ನೆಯ ಗೆರೆ ಕೊಂಡಿಯಿಂದ ಒಂದಷ್ಟು ಒಳಗೆ. ಎರಡು ಬಗೆಯ ಟೇಪು ಒಂದೇ ತಂಡದಲ್ಲಿರಬಾರದು. ಮರಕ್ಕೆ ಇದೇ ಟೇಪು ಸುತ್ತುವಾಗಲಂತೂ ಕೊಂಡಿಯ 6 ಸೆಂಟಿಮೀಟರ್ ಸೇರಿಬಿಟ್ಟರೆ 60 ಇದ್ದದ್ದು 66 ಆಗುತ್ತದೆ, ಕಾಂಡದ ವಿಸ್ತೀರ್ಣ 21 ಶೇಕಡಾ ಉಬ್ಬುತ್ತದೆ.

ಇಳಿಜಾರಿನಲ್ಲಿ 20 ಮೀಟರ್ ಅಂದರೆ ನೆಲದ ಮೇಲಿನ 20 ಅಲ್ಲ, ಮಟ್ಟಸದ 20. 10 ಡಿಗ್ರಿ ಇಳಿಜಾರಿಗೆ ನೆಲದ ಮೇಲೆ 20.31 ಮೀಟರ್ ಎಳೆಯಬೇಕು, 20 ಡಿಗ್ರಿಗೆ 21.28, 30 ಡಿಗ್ರಿಗೆ 23.09. ಈ ಮೂರು ಅಂಕಿಯನ್ನು ಟೇಪಿನ ಡಬ್ಬಿಯ ಮೇಲೇ ಪೇಂಟಿನಲ್ಲಿ ಬರೆದಿಟ್ಟುಕೊಂಡರೆ ಕಾಡಿನಲ್ಲಿ ಕ್ಯಾಲ್ಕುಲೇಟರ್ ತಡಕಾಡುವುದು ತಪ್ಪುತ್ತದೆ. 1800ರಲ್ಲಿ ಸರ್ವೆಯ ವಿಲಿಯಂ ಲ್ಯಾಂಬ್ಟನ್ ಇದೇ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಉದ್ದದ ಬೇಸ್‌ಲೈನನ್ನು, ಅಂದರೆ ಸರ್ವೆಯ ಮೂಲಗೆರೆಯನ್ನು, ಉಕ್ಕಿನ ಸರಪಳಿಯಿಂದ ಅಳೆಯುವಾಗಲೂ ಇದೇ ಲೆಕ್ಕವನ್ನು ಹಾಕಲೇಬೇಕಿತ್ತು. ಸಾಧನ ಬದಲಾಗಿದೆ, ಇಳಿಜಾರು ಹಾಗೇ ಇದೆ.

ಗಡಿ ಕಾಣಿಸಲು ಹಗ್ಗ ಬೇಕು. ಒಂದು ಚೌಕಕ್ಕೆ 80 ಮೀಟರ್, ಅಳೆಯುವ ಚೌಕವೊಂದು ಮುಂದಿನದ್ದೊಂದು ಅಂತ ಎರಡು ಜೊತೆಗೆ 160. ಮಾರ್ಕೆಟ್ಟಿನ ಹಗ್ಗದ ಅಂಗಡಿಯಲ್ಲಿ 4 ಮಿಲಿಮೀಟರಿನ ಪ್ಲಾಸ್ಟಿಕ್ ಹಗ್ಗ ಕೇಳಿ, ಹಳದಿ ಅಥವಾ ಕಿತ್ತಳೆ ಬಣ್ಣದ್ದು. ಹಸಿರು ಹಗ್ಗ ಲಂಟಾನದ ನಡುವೆ ಮಾಯವಾಗುತ್ತದೆ. ನೈಲಾನ್ ಹಗ್ಗಕ್ಕೆ 20 ಮೀಟರಿಗೊಂದು ಗಂಟು ಹಾಕಿ ಅದನ್ನೇ ಅಳತೆಗೋಲು ಮಾಡಿಕೊಳ್ಳುವವರಿದ್ದಾರೆ. ನೆನೆದ ನೈಲಾನ್ ಹಿಗ್ಗುತ್ತದೆ, ಗಂಟು ಜರುಗುತ್ತದೆ. ಅಳೆಯುವುದು ಟೇಪು, ಹಗ್ಗ ಬರೀ ಕಣ್ಣಿಗೆ. ಸಂಜೆ ಹೊರಡುವಾಗ ಹಗ್ಗ ಬಿಚ್ಚಿ ಸುತ್ತಿಕೊಂಡು ಬರಲೇಬೇಕು. ರಾತ್ರಿ ಜಿಂಕೆಯ ಕಾಲಿಗೋ ಕೊಂಬಿಗೋ ಸಿಕ್ಕಿದರೆ ಅದರ ಪ್ರಾಣಕ್ಕೇ ಕುತ್ತು.

25 ಚೌಕಕ್ಕೆ ಮೂಲೆಗಳು 36. ಹೊರಗಿನ ನಾಲ್ಕಕ್ಕೆ ಕಲ್ಲು ಕಂಬ, ಉಳಿದ 32ಕ್ಕೆ ಅರ್ಧ ಇಂಚಿನ ಜಿಐ ಪೈಪಿನ 60 ಸೆಂಟಿಮೀಟರ್ ತುಂಡು, 40 ನೆಲದೊಳಗೆ 20 ಹೊರಗೆ. 6 ಮೀಟರಿನ ಒಂದು ಪೈಪಿಗೆ ಹತ್ತು ತುಂಡು, ನಾಲ್ಕು ಪೈಪು ಕೊಂಡರೆ ಎಂಟು ತುಂಡು ಮಿಗುತ್ತವೆ. ಮಿಗಬೇಕು, ಏಕೆಂದರೆ ಕಬ್ಬಿಣ ಕಾಣೆಯಾಗುತ್ತದೆ.

ಈ ಮಾರ್ಕೆಟ್ಟಿನಲ್ಲಿ ಕೊಳ್ಳಬಾರದ್ದು ದಿಕ್ಸೂಚಿ. ಸುತ್ತಲೂ ಕಬ್ಬಿಣದ ಅಂಗಡಿ, ಕಬ್ಬಿಣದ ಶಟರ್, ಕಬ್ಬಿಣದ ಕೌಂಟರ್. ಮುಳ್ಳು ಯಾವ ಕಡೆ ತಿರುಗಿದರೂ ಅದಕ್ಕೆ ಅರ್ಥವಿಲ್ಲ. ಫುಟ್‌ಪಾತಿನಲ್ಲಿ ಮಾರುವ ಹಿತ್ತಾಳೆಯ ಹಳೇ ಮಾದರಿಯವು ನೋಡಲು ಚೆಂದ, ಅಷ್ಟೇ. ಸುಂಟೊ ಎಂಸಿ-2ರಂಥ ಕನ್ನಡಿ ಇರುವ ದಿಕ್ಸೂಚಿಯನ್ನು ಬಿಲ್ ಕೊಡುವ ಡೀಲರಿಂದ ಕೊಳ್ಳಿ. ಆಗಲೂ ಒಂದು ವಿಷಯ ಕೇಳಿ: ಮುಳ್ಳನ್ನು ಯಾವ ವಲಯಕ್ಕೆ ತೂಗಿಸಿದ್ದಾರೆ? ಭೂಮಿಯ ಕಾಂತಬಲ ಯೂರೋಪಿನಲ್ಲಿ ಮುಳ್ಳಿನ ಉತ್ತರದ ತುದಿಯನ್ನು ನೆಲದ ಕಡೆ ಬಲವಾಗಿ ಎಳೆಯುತ್ತದೆ, ಅದನ್ನು ಸರಿದೂಗಿಸಲು ದಕ್ಷಿಣದ ತುದಿಗೆ ಭಾರ ಹಾಕಿರುತ್ತಾರೆ. ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಬಳಿಯೇ ಹಾದುಹೋಗುತ್ತದೆ, ಬೆಂಗಳೂರಿನಲ್ಲಿ ಆ ಎಳೆತ ತೀರಾ ಕಡಿಮೆ. ಹಾಗಾಗಿ ಉತ್ತರ ಗೋಳಾರ್ಧಕ್ಕೆ ಅಂತ ಮಾಡಿದ ಮುಳ್ಳು ಇಲ್ಲಿ ದಕ್ಷಿಣಕ್ಕೆ ತೂಗಿ ಡಬ್ಬಿಯ ತಳಕ್ಕೆ ಉಜ್ಜುತ್ತದೆ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ‘ಗ್ಲೋಬಲ್’ ಮುಳ್ಳಿನ ಮಾದರಿಗೆ ಆ ತೊಂದರೆ ಇಲ್ಲ.

ಕೊಂಡ ಮೇಲೆ ಕಬ್ಬನ್ ಪಾರ್ಕಿಗೆ ಒಯ್ದು, ಹುಲ್ಲಿನ ಮೇಲೆ ಬೇಲಿ, ದೀಪದ ಕಂಬ ಇಲ್ಲದ ಕಡೆ ಐವತ್ತು ಹೆಜ್ಜೆ ಅಂತರದ ಎರಡು ಗುರುತು ಹಾಕಿ. ಒಂದರಿಂದ ಇನ್ನೊಂದನ್ನು ನೋಡಿ, ಮತ್ತೆ ಅಲ್ಲಿಂದ ಇದನ್ನು ನೋಡಿ. ಎರಡು ಓದಿನ ನಡುವೆ 180 ಡಿಗ್ರಿ ವ್ಯತ್ಯಾಸ ಇರಬೇಕು. ಎರಡು ಡಿಗ್ರಿಗಿಂತ ಹೆಚ್ಚು ತಪ್ಪಿದರೆ ವಾಪಸ್ ಕೊಡಿ. ಒಂದು ಡಿಗ್ರಿ ತಪ್ಪಿದರೇ 100 ಮೀಟರಿನ ಕೊನೆಯಲ್ಲಿ ಗೆರೆ 1.75 ಮೀಟರ್ ಆಚೆ ಹೋಗಿರುತ್ತದೆ, ಗಡಿಯ ಮರಗಳು ಒಳಗೋ ಹೊರಗೋ ಅನ್ನುವುದೇ ಬದಲಾಗುತ್ತದೆ. ಕಾಡಿನಲ್ಲಿ ದಿಕ್ಸೂಚಿ ಹಿಡಿಯುವವರ ಸೊಂಟದಲ್ಲಿ ಮಚ್ಚು ಇರಬಾರದು. ಮಚ್ಚು ವಾಚರ್ ಅಣ್ಣನ ಕೈಯಲ್ಲಿರಲಿ, ಅವರು ನಾಲ್ಕು ಹೆಜ್ಜೆ ದೂರವಿರಲಿ.

ಎತ್ತರ ಅಳೆಯುವ ಕ್ಲಿನೋಮೀಟರನ್ನು ಮಾತ್ರ ಪೇಟೆಯಲ್ಲೇ ಪರೀಕ್ಷಿಸಬಹುದು, ಅದಕ್ಕೆ ಕಬ್ಬಿಣದ ಹಂಗಿಲ್ಲ. ಟೌನ್ ಹಾಲಿನ ಮೆಟ್ಟಿಲ ಕೆಳಗೊಬ್ಬರು, ಮೇಲೊಬ್ಬರು, ಒಂದೇ ಎತ್ತರದವರು ನಿಂತು ಒಬ್ಬರ ಕಣ್ಣನ್ನು ಒಬ್ಬರು ಗುರಿಯಿಟ್ಟು ಓದಿ. ಮೇಲಕ್ಕೆ 12 ಬಂದರೆ ಕೆಳಕ್ಕೂ 12 ಬರಬೇಕು. ಸುಂಟೊ ಪಿಎಂ-5ರ ಮಾದರಿಗಳಲ್ಲಿ ಒಂದರಲ್ಲಿ ಡಿಗ್ರಿ ಮತ್ತು ಶೇಕಡಾ ಇರುತ್ತದೆ, ಇನ್ನೊಂದರಲ್ಲಿ 15 ಮತ್ತು 20 ಮೀಟರಿನಿಂದ ನೇರ ಎತ್ತರ. ಎರಡನೆಯದು ನಮಗೆ ಒಳ್ಳೆಯದು, 20 ಮೀಟರಿನ ಹಗ್ಗ ಹೇಗೂ ಹಾಕಿರುತ್ತೇವೆ. ತುದಿಯ ಓದು, ಬುಡದ ಓದು ಎರಡೂ ಬೇಕು. ಬುಡ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಕೂಡಿಸಬೇಕು, ಮೇಲಿದ್ದರೆ ಕಳೆಯಬೇಕು.

ಎಸ್‌ಪಿ ರಸ್ತೆ ಸೆಲ್ಲು, ಮೆಮೊರಿ ಕಾರ್ಡುಗಳ ಊರು, ಅಲ್ಲಿ ಎಚ್ಚರ ಬೇಕು. ರೀಚಾರ್ಜ್ ಆಗುವ ಎಎ ಸೆಲ್ಲಿನ ಮೇಲೆ 3000ಕ್ಕಿಂತ ಹೆಚ್ಚು ಎಂಎಎಚ್ ಅಂತ ಬರೆದಿದ್ದರೆ ಅದನ್ನು ಮುಟ್ಟಬೇಡಿ, ಆ ಗಾತ್ರದ ನಿಕಲ್ ಸೆಲ್ಲಿನಲ್ಲಿ ಅಷ್ಟು ತುಂಬುವುದಿಲ್ಲ. 2000ದ ಒಳ್ಳೆಯ ಸೆಲ್ಲು 26 ಗ್ರಾಂ ಆಸುಪಾಸು ತೂಗುತ್ತದೆ. ಜೇಬಿನ ಪುಟ್ಟ ತಕ್ಕಡಿ ಇದ್ದರೆ 18 ಗ್ರಾಮಿನ ನಕಲಿ ತಕ್ಷಣ ಸಿಕ್ಕಿಬೀಳುತ್ತದೆ. ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪಿಗೆ ಕಾರ್ಡು ಕೊಳ್ಳುವವರು ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ಪ್ರೋಗ್ರಾಮಿನಲ್ಲಿ ಕಾರ್ಡನ್ನು ಪೂರ್ತಿ ತುಂಬಿಸಿ ಓದಿಸಬೇಕು. 32 ಜಿಬಿ ಕಾರ್ಡಿಗೆ ಸೆಕೆಂಡಿಗೆ 10 ಎಂಬಿಯಂತೆ ಬರೆಯಲಿಕ್ಕೇ ಮುಕ್ಕಾಲು ಗಂಟೆಗೂ ಮೇಲೆ ಹಿಡಿಯುತ್ತದೆ, ಅಂಗಡಿಯ ಮುಂದೆ ಆಗದ ಮಾತು. ಅದಕ್ಕೇ ಕಾರ್ಡನ್ನು ಬಿಲ್ ಮತ್ತು ಬದಲಿ ಭರವಸೆ ಕೊಡುವಲ್ಲಿ ಮಾತ್ರ ಕೊಳ್ಳಿ. ನಕಲಿ ಕಾರ್ಡು ಮೊದಲ ಕೆಲವು ಜಿಬಿಯವರೆಗೆ ಸರಿಯಾಗಿಯೇ ನಡೆದು, ಆಮೇಲಿನ ಚಿತ್ರಗಳನ್ನು ಸದ್ದಿಲ್ಲದೆ ನುಂಗುತ್ತದೆ. ಒಂದು ತಿಂಗಳ ನಂತರ ತೆಗೆದಾಗ ಕಡತದ ಹೆಸರಿರುತ್ತದೆ, ಚಿತ್ರವಿರುವುದಿಲ್ಲ.

ಜಿಪಿಎಸ್ ಬಗ್ಗೆ ಎರಡೇ ಮಾತು. ಅನೇಕ ತಂಡಗಳ ಕೈಯಲ್ಲಿರುವ ಗಾರ್ಮಿನ್ ಇಟ್ರೆಕ್ಸ್ 10 ಈ ಕೆಲಸಕ್ಕೆ ಸಾಕು: ಎರಡು ಎಎ ಸೆಲ್ಲು, ಕಂಪನಿ ಹೇಳುವ ಲೆಕ್ಕಕ್ಕೆ 25 ಗಂಟೆ, 1000 ಬಿಂದುಗಳ ನೆನಪು. ಸೆಟ್ಟಿಂಗಿನಲ್ಲಿ ಸೆಲ್ಲಿನ ಬಗೆಯನ್ನು ರೀಚಾರ್ಜಿನದಕ್ಕೆ ಬದಲಿಸದಿದ್ದರೆ ಚಾರ್ಜಿನ ಗೆರೆ ಸುಳ್ಳು ತೋರಿಸುತ್ತದೆ. ಮರದ ನೆರಳಿನಲ್ಲಿ ಐದು ಹತ್ತು ಮೀಟರ್ ಆಚೀಚೆ ಆಗುವ ಯಂತ್ರದಿಂದ 20 ಮೀಟರಿನ ಮೂಲೆಗಳನ್ನು ಹಾಕಬಾರದು. ಒಂದು ಮೂಲೆ ಮಾತ್ರ ಜಿಪಿಎಸ್, ಉಳಿದದ್ದು ಟೇಪು ಮತ್ತು ದಿಕ್ಸೂಚಿ. ಯುಟಿಎಂನಲ್ಲಿ, ಅಂದರೆ ಭೂಮಿಯನ್ನು ವಲಯಗಳಾಗಿ ಒಡೆದು ಮೀಟರಿನಲ್ಲಿ ಜಾಗ ಹೇಳುವ ಪದ್ಧತಿಯಲ್ಲಿ, ಬರೆಯುವವರು ವಲಯದ ಸಂಖ್ಯೆಯನ್ನೂ ಬರೆಯಬೇಕು. ಬೆಂಗಳೂರು, ಬನ್ನೇರುಘಟ್ಟ, ಸಾವನದುರ್ಗ 43ರಲ್ಲಿವೆ, ಆದರೆ 78 ಡಿಗ್ರಿ ರೇಖಾಂಶ ಮಾಲೂರಿಗೂ ಕೋಲಾರಕ್ಕೂ ನಡುವೆ ಹಾದುಹೋಗುತ್ತದೆ, ಕೋಲಾರದ ಕಾಡುಗಳು 44. ವಲಯ ಬರೆಯದ ಅಂಕಿ ಎಲ್ಲಿಯದು ಅಂತ ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಹಳೆಯ ಸರ್ವೆ ಆಫ್ ಇಂಡಿಯಾ ನಕ್ಷೆ ಎವರೆಸ್ಟ್ ಡೇಟಮ್ಮಿನದು, ಜಿಪಿಎಸ್ ಡಬ್ಲ್ಯುಜಿಎಸ್84ರದು, ಅಂದರೆ ಜಾಗ ಎಣಿಸುವ ಆಧಾರವೇ ಬೇರೆಬೇರೆ. ಹಾಗೇ ಒಂದರ ಮೇಲೊಂದು ಇಟ್ಟರೆ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ.

ಅವೆನ್ಯೂ ರಸ್ತೆಯ ಕಾಗದ, ಪೆನ್ಸಿಲ್, ರಟ್ಟಿನ ಹಲಗೆಗಳ ಬಗ್ಗೆ ದೂರೇ ಇಲ್ಲ. ಎಚ್‌ಬಿ ಪೆನ್ಸಿಲ್ ಕೊಳ್ಳಿ. ಜೆಲ್ ಪೆನ್ನು ಬೆವರಿಗೇ ಹರಡುತ್ತದೆ, ಮಳೆ ಬೇಕಾಗಿಯೇ ಇಲ್ಲ. ಹಾಳೆ 100 ಜಿಎಸ್‌ಎಂಗಿಂತ ತೆಳ್ಳಗಿರಬಾರದು. ಬಟ್ಟೆಬರೆಯ ಮಾತಿಗೆ ಬಂದರೆ, ಇಂಬಳದ, ಅಂದರೆ ಜಿಗಣೆ ತಡೆಯುವ, ಸಾಕ್ಸ್ ಮಲೆನಾಡಿಗೆ ಬೇಕು. ಬೆಂಗಳೂರು ಸುತ್ತಿನ ಒಣ ಕಾಡಿನಲ್ಲಿ ಕಾಟ ರಕ್ತ ಹೀರುವ ಉಣ್ಣೆಹುಳದ್ದು, ಪ್ಯಾಂಟನ್ನು ದಪ್ಪ ಸಾಕ್ಸಿನೊಳಗೆ ಸೇರಿಸಿದರೆ ಅರ್ಧ ಕಾಟ ಕಡಿಮೆ.

ಅಳೆದ ಜಾಗಕ್ಕೆ ಗೆರೆ ಎಳೆಯಲು ಎನಾಮೆಲ್ ಪೇಂಟೇ ಆಗಬೇಕು. ನೀರಿನ ಪೇಂಟು ಎರಡು ಮಳೆಗಾಲ ತಡೆಯುವುದಿಲ್ಲ. ಬಿಳಿ ಬೇಡ, ತೊಗಟೆಯ ಮೇಲಿನ ಕಲ್ಲುಹೂವಿನೊಂದಿಗೆ ಬೆರೆತುಹೋಗುತ್ತದೆ, ಹಳದಿ ತೆಗೆದುಕೊಳ್ಳಿ. 4 ಲೀಟರಿನ ಡಬ್ಬಕ್ಕಿಂತ ಅರ್ಧ ಲೀಟರಿನವು ಹೆಚ್ಚು ಉಪಯೋಗ, ತೆರೆದ ಡಬ್ಬದಲ್ಲಿ ಮಾರನೇ ದಿನಕ್ಕೆ ಕೆನೆ ಕಟ್ಟಿರುತ್ತದೆ. ನುಣುಪು ಗೋಡೆಗಿಂತ ತೊಗಟೆ ಎರಡು ಮೂರು ಪಟ್ಟು ಪೇಂಟು ಕುಡಿಯುತ್ತದೆ ಅನ್ನುವ ಲೆಕ್ಕದಲ್ಲಿ ಕೊಳ್ಳಿ. ಬಳಿಯುವ ಮುನ್ನ ಸಡಿಲ ತೊಗಟೆಯನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿ. ಚಾಕುವಿನಿಂದ ಕೆರೆದರೆ ಅಳೆಯುವ ಜಾಗವೇ ತೆಳ್ಳಗಾಗುತ್ತದೆ. ಮೊಸಳೆಯ ಚರ್ಮದಂತೆ ಬಿರಿದ ಮತ್ತಿಯ ತೊಗಟೆಯಲ್ಲಿ ಗೆರೆ ವರ್ಷಗಟ್ಟಲೆ ಉಳಿಯುತ್ತದೆ. ದಿಂಡಿಗದ್ದು ಹಕ್ಕಳೆ ಹಕ್ಕಳೆಯಾಗಿ ಉದುರುವಂಥದ್ದು, ಗೆರೆಯೂ ಅದರೊಟ್ಟಿಗೆ ಹೋಗುತ್ತದೆ. ಅಲ್ಲಿ ಭರವಸೆ ನಂಬರ್ ಹೊಡೆದ ತಗಡಿನ ಬಿಲ್ಲೆಯ ಮೇಲೆ.

ಆ ಬಿಲ್ಲೆಗಳೇ ಈ ಮಾರ್ಕೆಟ್ಟಿನಲ್ಲಿ ಮಾಡಿಸಲು ತಕ್ಕುದಾದ ವಸ್ತು. 20 ಗೇಜಿನ, ಅಂದರೆ 0.9 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಶೀಟು 8 ಅಡಿಗೆ 4 ಅಡಿ ಬರುತ್ತದೆ. 5 ಸೆಂಟಿಮೀಟರಿಗೆ 2.5ರ ಬಿಲ್ಲೆ ಮಾಡಿದರೆ ಉದ್ದಕ್ಕೆ 48, ಅಗಲಕ್ಕೆ 48, ಒಟ್ಟು 2304. ಒಂದು ಶೀಟು ಏಳು ಕಿಲೋಗೂ ಸ್ವಲ್ಪ ಹೆಚ್ಚು ತೂಗುತ್ತದೆ, ಕಿಲೋ ಲೆಕ್ಕದಲ್ಲೇ ಕೊಡುತ್ತಾರೆ. ಇದಕ್ಕಿಂತ ತೆಳ್ಳಗಿನದು ಆನೆ ಮೈ ಉಜ್ಜಿದರೆ ಮಡಚಿಕೊಂಡು ಹರಿಯುತ್ತದೆ. ಶಿಯರಿಂಗ್ ಮಶೀನಿನಲ್ಲಿ ಕತ್ತರಿಸಿ ಕೊಡಿ ಅನ್ನಿ. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಸೊಟ್ಟ, ಬೆರಳು ಕೊಯ್ಯುತ್ತದೆ.

ಮೊಳೆಯೂ ಅಲ್ಯೂಮಿನಿಯಮ್ಮಿನದೇ ಆಗಬೇಕು, ಎರಡೂವರೆ ಇಂಚಿನದು. ಕೇಳಿದರೆ ಮೊದಲು ಕೈಗೆ ಬರುವುದು ತಂತಿಮೊಳೆ. ಕಬ್ಬಿಣದ ಮೊಳೆ, ಅಲ್ಯೂಮಿನಿಯಂ ಬಿಲ್ಲೆ ಎರಡೂ ಮಳೆನೀರಿನಲ್ಲಿ ತಾಗಿಕೊಂಡಿದ್ದರೆ ಬಿಲ್ಲೆಯ ತೂತಿನ ಸುತ್ತ ಲೋಹ ಸವೆದು ತೂತು ಅಗಲವಾಗುತ್ತದೆ, ಬಿಲ್ಲೆ ಕೆಳಗೆ ಬೀಳುತ್ತದೆ. ಒಂದು ಚಿಕ್ಕ ಅಯಸ್ಕಾಂತ ಒಯ್ದು ಮೊಳೆಗೆ ಹಿಡಿಯಿರಿ, ಅಂಟಿದರೆ ಅದು ಅಲ್ಯೂಮಿನಿಯಂ ಅಲ್ಲ. ಆ ಅಯಸ್ಕಾಂತ ದಿಕ್ಸೂಚಿ ಇರುವ ಚೀಲಕ್ಕೆ ಹೋಗದಿರಲಿ. ಹೊಡೆಯುವಾಗ ಮೊಳೆ ಸ್ವಲ್ಪ ಮೇಲ್ಮುಖವಾಗಿ ಒಳಹೋಗಬೇಕು, ಆಗ ತಲೆ ಕೆಳಗೆ ವಾಲಿ ಬಿಲ್ಲೆ ತಲೆಯ ಬಳಿಗೆ ಜಾರಿ ನಿಲ್ಲುತ್ತದೆ. ಮರ ದಪ್ಪವಾಗಲು ಮೂರು ಸೆಂಟಿಮೀಟರಾದರೂ ಮೊಳೆ ಹೊರಗಿರಲಿ. ಪೂರ್ತಿ ಹೊಡೆದ ಮೊಳೆಯನ್ನು ಬಿಲ್ಲೆಯ ಸಮೇತ ಮರ ನುಂಗುತ್ತದೆ. ಅಳತೆಯ ಗೆರೆಯಿಂದ 30 ಸೆಂಟಿಮೀಟರಾದರೂ ದೂರ ಹೊಡೆಯಿರಿ, ಗಾಯದ ಸುತ್ತ ಊದಿಕೊಳ್ಳುವ ಕಾಂಡ ಅಳತೆಯೊಳಗೆ ಬರಬಾರದು. ತೆಳ್ಳಗಿನ ಗಿಡಕ್ಕೆ ಮೊಳೆ ಬೇಡ, ಸಡಿಲ ಬಳೆಯಂತೆ ತಂತಿ ಹಾಕಿ.

ನಂಬರನ್ನು ಉಕ್ಕಿನ ಪಂಚಿನಲ್ಲಿ ಹೊಡೆಸಬೇಕು, 5 ಅಥವಾ 6 ಮಿಲಿಮೀಟರಿನ ಅಂಕಿ. ಪೇಂಟಿನ ನಂಬರು, ಸ್ಟಿಕ್ಕರು ಒಂದು ನೆಲಬೆಂಕಿಗೆ ಮುಗಿಯಿತು. ಪಂಚಿನ ಪೆಟ್ಟಿಗೆ ತೆರೆದು ನೋಡಿದರೆ ಅದರಲ್ಲಿ ಹತ್ತಲ್ಲ, ಒಂಬತ್ತೇ ಪಂಚು ಇರುತ್ತವೆ; 6ನ್ನೇ ತಿರುಗಿಸಿದರೆ 9. ತೊಂದರೆ ಅಲ್ಲೇ ಶುರು. 66 ಅಂತ ಹೊಡೆದ ಬಿಲ್ಲೆಗೆ ಕೆಳಬದಿಯಲ್ಲಿ ತೂತು ಕೊರೆದರೆ ಮರದ ಮೇಲೆ ಅದು 99. 169 ಇದ್ದದ್ದು 691. ಪ್ಲಾಟಿನಲ್ಲಿ ಒಂದೇ ನಂಬರಿನ ಎರಡು ಮರ, ಇಲ್ಲದ ನಂಬರಿನ ಒಂದು ಮರ. ಅದಕ್ಕೆ ಮೊದಲು ಎಲ್ಲ ಬಿಲ್ಲೆಗೂ ತೂತು ಕೊರೆಸಿ, ತೂತನ್ನು ಮೇಲಕ್ಕಿಟ್ಟುಕೊಂಡು ಆಮೇಲೆ ಅಂಕಿ ಹೊಡೆಸಿ, ಅಂಕಿಯ ಕೆಳಗೆ ಒಂದು ಅಡ್ಡಗೆರೆಯನ್ನೂ ಹಾಕಿಸಿ. ಬರೀ 6, 9, 0, 1, 8 ಇರುವ ನಂಬರುಗಳನ್ನು ಪಟ್ಟಿಯಲ್ಲಿ ಸುತ್ತುಹಾಕಿ ಕೊಟ್ಟರೆ ಹೊಡೆಯುವವರೂ ಎಚ್ಚರದಿಂದ ಹೊಡೆಯುತ್ತಾರೆ. ಸಾವಿರ ಬಿಲ್ಲೆಯ ಕೆಲಸ ಒಂದೇ ದಿನಕ್ಕೆ ಆಗುವುದಿಲ್ಲ, ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ವಾರದ ಮೊದಲಲ್ಲಿ ಕೊಟ್ಟು, ವಾರದ ಕೊನೆಯಲ್ಲಿ ಹೋಗಿ, ನೂರು ನೂರರ ಕಟ್ಟು ಮಾಡಿ ತಂತಿಗೆ ಪೋಣಿಸಿಕೊಳ್ಳುವಾಗ ಸುತ್ತುಹಾಕಿದ ನಂಬರುಗಳನ್ನು ಒಂದೊಂದಾಗಿ ಪಟ್ಟಿಗೆ ತಾಳೆ ನೋಡಿ. ತಪ್ಪಿದ್ದರೆ ಅಲ್ಲೇ, ಅದೇ ಕೌಂಟರಿನಲ್ಲಿ, ಇನ್ನೊಂದು ತುಂಡಿಗೆ ಹೊಡೆದು ಕೊಡುತ್ತಾರೆ.